ಜೇಬಿನ ಕ್ಯಾಮೆರಾನಾ, ಹಳೆ ಡಿಎಸ್‌ಎಲ್‌ಆರಾ? ಡೊಂಬಿವಲಿಯಿಂದ ಏಳು ವರ್ಷದ ಅನುಭವ

ನನ್ನ ಹತ್ತಿರ ಎರಡೂ ಇವೆ. ನಿಕಾನ್ ಡಿ90 ಹತ್ತು ವರ್ಷದಿಂದ, ಅದು ಡಿಎಸ್‌ಎಲ್‌ಆರ್, ಅಂದರೆ ಒಳಗೆ ಕನ್ನಡಿ ಇರುವ, ಲೆನ್ಸ್ ಬದಲಿಸಬಹುದಾದ ದೊಡ್ಡ ಕ್ಯಾಮೆರಾ. ಜೇಬಿನದು ಸೋನಿ ಆರ್‌ಎಕ್ಸ್100, ಏಳು ವರ್ಷದಿಂದ. ಡಿ90 ಮಾರುಕಟ್ಟೆಗೆ ಬಂದಿದ್ದು 2008ರಲ್ಲಿ. ನಾನು ಕೊಂಡಿದ್ದು ಸೆಕೆಂಡ್ ಹ್ಯಾಂಡ್, ಮುಂಬಯಿ ಫೋರ್ಟಿನ ಬೋರಾ ಬಜಾರಿನಲ್ಲಿ. ಆರ್‌ಎಕ್ಸ್100 2012ರ ಮಾಡೆಲ್, ಆ ಸಾಲಿನಲ್ಲಿ ಮೊದಲನೆಯದು. ಅದನ್ನು ಹೊಸದೇ ತಗೊಂಡೆ. ಒಂದು ವರ್ಷದ ದೀಪಾವಳಿ ಬೋನಸ್ಸಿನ ಮುಕ್ಕಾಲು ಭಾಗ ಅದಕ್ಕೇ ಹೋಯಿತು.

ಪುಣೆಯಲ್ಲಿ ಓದುತ್ತಿರುವ ಅಣ್ಣನ ಮಗಳು ಹೋದ ತಿಂಗಳು ಫೋನ್ ಮಾಡಿ, "ಅತ್ತೆ, ನನ್ನ ದುಡ್ಡಿಗೆ ಒಂದೇ ಬರೋದು. ಹಳೆ ಡಿಎಸ್‌ಎಲ್‌ಆರ್ ತಗೊಳ್ಳಲಾ, ಚಿಕ್ಕದು ತಗೊಳ್ಳಲಾ?" ಅಂತ ಕೇಳಿದಳು. ಅರ್ಧ ಗಂಟೆ ಮಾತಾಡಿದೆ. ಆದರೂ ಹೇಳಿದ್ದು ಸಾಲದು ಅನ್ನಿಸಿತು. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಎಲ್ಲರೂ ಮೊದಲು ಕೇಳೋದು ಕ್ವಾಲಿಟಿ ಯಾವುದರಲ್ಲಿ ಜಾಸ್ತಿ ಅಂತ. ನಾನು ಅವಳನ್ನು ಕೇಳಿದ್ದು ಬೇರೆ. ನೀನು ಯಾರ ಫೋಟೋ ತೆಗೀತೀಯ? ಅವರು ನಿನ್ನಿಂದ ಎಷ್ಟು ದೂರ ಇರ್ತಾರೆ? ಕೂತಿರ್ತಾರಾ, ಕುಣೀತಿರ್ತಾರಾ? ಇಷ್ಟು ಗೊತ್ತಾದರೆ ಮುಕ್ಕಾಲು ಉತ್ತರ ಸಿಕ್ಕ ಹಾಗೆ.

ಮನೆ ಡೊಂಬಿವಲಿ, ಆಫೀಸು ಫೋರ್ಟ್. ದಿನಾ ಲೋಕಲ್ ರೈಲು. ಡಿ90ಗೆ ಬ್ಯಾಟರಿ ಹಾಕಿದರೆ ಸುಮಾರು 700 ಗ್ರಾಂ, ಮೇಲೆ ಕ್ಯಾಮೆರಾ ಜೊತೆಗೇ ಬರುವ 18-105 ಕಿಟ್ ಲೆನ್ಸ್ 420 ಗ್ರಾಂ. ಅಲ್ಲಿಗೇ ಒಂದು ಕಿಲೋ ದಾಟಿತು. ಮೊದಲ ಆರು ತಿಂಗಳು ಹಟ ಹಿಡಿದು ದಿನಾ ಒಯ್ದೆ. ಊಟದ ಡಬ್ಬಿ, ಕೊಡೆ, ನೀರಿನ ಬಾಟಲಿಯ ಜೊತೆ ಅದನ್ನೂ ಎದೆಗೆ ಅವಚಿಕೊಂಡು ಬಾಗಿಲ ಹತ್ತಿರ ನಿಲ್ಲೋದು ಅಂದರೆ ಸುಲಭ ಅಲ್ಲ. ಯಾರ ಮೊಣಕೈ ಎಲ್ಲಿ ತಾಗುತ್ತದೋ ಅನ್ನೋ ಚಿಂತೆಯಲ್ಲೇ ಠಾಣೆ ಸ್ಟೇಷನ್ ಬರುತ್ತಿತ್ತು. ಆಮೇಲಾಮೇಲೆ ಅದು ಮನೆಯಲ್ಲೇ ಉಳಿಯಿತು. ಆರ್‌ಎಕ್ಸ್100 ಬ್ಯಾಟರಿ, ಕಾರ್ಡ್ ಎಲ್ಲಾ ಸೇರಿ 240 ಗ್ರಾಂ. ಪರ್ಸಿನಲ್ಲಿ ಇದೆ ಅನ್ನೋದೇ ನೆನಪಿರುವುದಿಲ್ಲ.

ಭಾರಕ್ಕಿಂತ ದೊಡ್ಡ ವ್ಯತ್ಯಾಸ ಕಂಡಿದ್ದು ಎದುರಿಗಿದ್ದವರ ಮುಖದಲ್ಲಿ. ಒಂದು ಡಿಸೆಂಬರ್ ಶನಿವಾರ, ಆಫೀಸು ಬೇಗ ಬಿಟ್ಟಿತ್ತು. ಗಾಡಿ ಕಳವಾ ದಾಟಿತ್ತು. ಲೇಡೀಸ್ ಡಬ್ಬಾದಲ್ಲಿ ಎದುರು ಕೂತಿದ್ದ ಮಾವಶಿ (ಮರಾಠಿಯಲ್ಲಿ ಚಿಕ್ಕಮ್ಮ) ಮಡಿಲಲ್ಲಿ ಪ್ಲಾಸ್ಟಿಕ್ ಚೀಲ ಹರಡಿಕೊಂಡು ಬಟಾಣಿ ಸುಲಿಯುತ್ತಿದ್ದರು. ಖಾಡಿ (ಸಮುದ್ರದ ಹಿನ್ನೀರು) ಕಡೆಯ ಕಿಟಕಿಯಿಂದ ಇಳಿಬಿಸಿಲು ನೇರ ಅವರ ಕೈ ಮೇಲೆ ಬಿದ್ದಿತ್ತು. ಹೆಬ್ಬೆರಳಿನಿಂದ ಸಿಪ್ಪೆಯ ಅಂಚು ಒತ್ತಿದರೆ ಸಾಕು, ಕಾಯಿ ಬಾಯಿ ಬಿಡುತ್ತಿತ್ತು. ಕಾಳುಗಳು ಉದುರಿ ಚೀಲಕ್ಕೆ. ಉಗುರೆಲ್ಲಾ ಹಸಿರು. ಕ್ಯಾಮೆರಾ ತೋರಿಸಿ, ಕೈಯದ್ದು ಒಂದು ಫೋಟೋ ತೆಗೀಲಾ ಮಾವಶಿ ಅಂತ ಮರಾಠಿಯಲ್ಲಿ ಕೇಳಿದೆ. ನಕ್ಕು, ಮುಖ ಬೇಡ, ಕೈ ತೆಗಿ ಅಂದರು. ನಾಲ್ಕು ತೆಗೆದೆ. ಅವರು ಸುಲಿಯೋದು ನಿಲ್ಲಿಸಲೇ ಇಲ್ಲ. ಅದೇ ಬೇಕಾಗಿದ್ದು. ಹಿಂದೊಮ್ಮೆ ಡಿ90 ಹಿಡಿದು ಇದೇ ಮಾತನ್ನು ಇನ್ನೊಬ್ಬರಿಗೆ ಕೇಳಿದ್ದೆ. ಅವರು ಸೆರಗು ಸರಿ ಮಾಡಿಕೊಂಡು, ನೆಟ್ಟಗೆ ಕೂತು, ಪೇಪರಿನವರಾ ಅಂತ ಕೇಳಿದರು. ಫೋಟೋ ಬಂತು. ಆದರೆ ಅದರಲ್ಲಿ ಅವರ ಕೆಲಸ ಇರಲಿಲ್ಲ, ನನ್ನ ಕ್ಯಾಮೆರಾ ನೋಡಿದ ಮುಖ ಇತ್ತು.

ಈಗ ಕ್ವಾಲಿಟಿ ವಿಷಯ. ಡಿ90ರ ಸೆನ್ಸರ್ (ಬೆಳಕು ಹಿಡಿದು ಫೋಟೋ ಮಾಡುವ ಚಿಪ್) 23.6 x 15.8 ಮಿ.ಮೀ., 12.3 ಮೆಗಾಪಿಕ್ಸೆಲ್. ಆರ್‌ಎಕ್ಸ್100ದ್ದು 13.2 x 8.8 ಮಿ.ಮೀ., 20.2 ಮೆಗಾಪಿಕ್ಸೆಲ್. ವಿಸ್ತೀರ್ಣದಲ್ಲಿ ಡಿ90ರದ್ದು ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ. ಅಂಗಡಿಯವರು ಈ ಮಾತು ಇಲ್ಲಿಗೇ ನಿಲ್ಲಿಸುತ್ತಾರೆ. ನಿಲ್ಲಿಸಬಾರದು. ಚಿಕ್ಕ ಕ್ಯಾಮೆರಾದ ಲೆನ್ಸ್ ಝೂಮ್ ಮಾಡದೇ ಇದ್ದಾಗ ಎಫ್ 1.8ಕ್ಕೆ ತೆರೆಯುತ್ತದೆ. ಈ ಎಫ್ ಅಂಕಿ ಚಿಕ್ಕದಾದಷ್ಟೂ ಲೆನ್ಸ್ ಹೆಚ್ಚು ತೆರೆದಿದೆ ಅಂತ ಅರ್ಥ. ಡಿ90ರ ಕಿಟ್ ಲೆನ್ಸ್ ತೆರೆಯೋದು 3.5ರವರೆಗೆ ಮಾತ್ರ. ಅಂದರೆ ಅಷ್ಟೇ ಜಾಗದ ಮೇಲೆ ಚಿಕ್ಕದರಲ್ಲಿ ಮೂರೂಮುಕ್ಕಾಲು ಪಟ್ಟು ಬೆಳಕು ಬೀಳುತ್ತದೆ. ಸೆನ್ಸರಿನಲ್ಲಿ ಕಳಕೊಂಡಿದ್ದನ್ನು ಲೆನ್ಸಿನಲ್ಲಿ ವಾಪಸ್ ಪಡೆದ ಹಾಗಾಯಿತು. ಮನೆಯೊಳಗೆ ಟ್ಯೂಬ್‌ಲೈಟಿನಲ್ಲಿ, ಹತ್ತಿರ ಕೂತವರನ್ನು ತೆಗೆಯುವಾಗ ಎರಡೂ ಸರಿಸಮ. ನಾಲ್ಕು ವರ್ಷ ನಾಲ್ಕು ನಾಮಕರಣಗಳಲ್ಲಿ ಎರಡನ್ನೂ ಬಳಸಿ ನೋಡಿದ್ದೇನೆ. ಪ್ರಿಂಟ್ ಹಾಕಿಸಿದ ಮೇಲೆ ಯಾವುದು ಯಾವುದು ಅಂತ ನನಗೇ ಗೊತ್ತಾಗಲಿಲ್ಲ.

ಝೂಮ್ ಮಾಡಿದರೆ ಲೆಕ್ಕ ಬದಲಾಗುತ್ತದೆ. ಪೂರ್ತಿ ಎಳೆದಾಗ ಆರ್‌ಎಕ್ಸ್100ದ ಲೆನ್ಸ್ 4.9ಕ್ಕೆ ಇಳಿಯುತ್ತದೆ. ಅಷ್ಟು ಝೂಮಿನಲ್ಲಿ ಕಿಟ್ ಲೆನ್ಸೂ 5ರ ಆಸುಪಾಸಿನಲ್ಲೇ ಇರುತ್ತದೆ. ಈಗ ದೊಡ್ಡ ಸೆನ್ಸರ್ ಗೆಲ್ಲುತ್ತದೆ. ಇನ್ನು ಡಿ90ಗೆ 50 ಎಂಎಂ ಎಫ್ 1.8 ಲೆನ್ಸ್ ಹಾಕಿದಿರೋ, ಹೋಲಿಕೆಯೇ ಬೇಡ. ಚಿಕ್ಕದರ ಆ 4.9ಕ್ಕಿಂತ ಏಳು ಪಟ್ಟು ಬೆಳಕು. ಆ ಲೆನ್ಸಿನ ಹಳೆಯ 'ಡಿ' ಮಾಡೆಲ್ ಬರೀ 155 ಗ್ರಾಂ, ಸೆಕೆಂಡ್ ಹ್ಯಾಂಡ್ ಧಾರಾಳ ಸಿಗುತ್ತದೆ. ಒಂದು ಎಚ್ಚರಿಕೆ ಇದೆ. ಅದರೊಳಗೆ ಫೋಕಸ್ ಮೋಟಾರ್ ಇಲ್ಲ, ಕ್ಯಾಮೆರಾದ ಬಾಡಿಯಲ್ಲಿ ಇರಬೇಕು. ಡಿ90ರಲ್ಲಿ ಇದೆ. ನಿಕಾನಿನದೇ ಡಿ3100, ಡಿ5100 ತರದವುಗಳಲ್ಲಿ ಇಲ್ಲ. ಅವುಗಳಿಗೆ ಹಾಕಿದರೆ ಕೈಯಲ್ಲೇ ಫೋಕಸ್ ಮಾಡಬೇಕು.

ಹತ್ತಿರಕ್ಕೆ ಚಿಕ್ಕದು ಸಾಕು ಅಂದ ಮೇಲೆ ಈ ದೊಡ್ಡದನ್ನು ಮಾರದೇ ಯಾಕೆ ಇಟ್ಟುಕೊಂಡೆ? ಉತ್ತರ ಮಾಟುಂಗದಲ್ಲಿದೆ.

ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಊರಲ್ಲಿ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಕಲಾವಿದರು ತಂಡ ಕಟ್ಟಿಕೊಂಡು ಮುಂಬಯಿಗೆ ಬರುತ್ತಾರೆ. ಮಾಟುಂಗದ ಮೈಸೂರು ಅಸೋಸಿಯೇಷನ್ನಿನ ಸಭಾಂಗಣದಲ್ಲೋ, ಸಾಂತಾಕ್ರೂಜ್, ಕುರ್ಲಾ ಕಡೆಯ ಭವನಗಳಲ್ಲೋ ಆಟ ಇರುತ್ತದೆ. ನನಗೆ ಯಕ್ಷಗಾನ ಅಂದರೆ ಜೀವ. ವರ್ಷಕ್ಕೆ ಐದಾರು ಆಟ ತಪ್ಪಿಸುವುದಿಲ್ಲ. ಮೊದಲ ವರ್ಷ ಆರ್‌ಎಕ್ಸ್100 ಒಂದನ್ನೇ ಒಯ್ದೆ. ಆರನೇ ಸಾಲಿನಲ್ಲಿ ಕೂತಿದ್ದೆ. ಝೂಮ್ ಎಳೆದರೆ ಬೆಳಕು ಸಾಲದು. ಬೆಳಕಿಗಾಗಿ ಐಎಸ್‌ಒ (ಸೆನ್ಸರ್ ಬೆಳಕಿಗೆ ಸ್ಪಂದಿಸುವ ಮಟ್ಟ) ಏರಿಸಿದರೆ ಕಪ್ಪು ಭಾಗದಲ್ಲೆಲ್ಲಾ ರವೆ ಚೆಲ್ಲಿದ ಹಾಗೆ. ಫೋಕಸ್ ಹುಡುಕುತ್ತಾ ಲೆನ್ಸ್ ಹಿಂದೆ ಮುಂದೆ ಹೋಗಿ ಬರೋ ಹೊತ್ತಿಗೆ ವೇಷ ರಂಗಸ್ಥಳದ ಆ ಮೂಲೆ ಸೇರಿರುತ್ತಿತ್ತು. ಮೇಲಾಗಿ ಕತ್ತಲ ಸಭೆಯಲ್ಲಿ ಆ ಸ್ಕ್ರೀನಿನ ಬೆಳಕು. ಹಿಂದೆ ಕೂತಿದ್ದ ಹಿರಿಯರೊಬ್ಬರು ಮೆಲ್ಲಗೆ ಹೆಗಲು ತಟ್ಟಿ, "ಅಮ್ಮಾ, ಅದನ್ನ ಸ್ವಲ್ಪ ಕೆಳಗೆ ಮಾಡ್ತೀರಾ? ವೇಷ ಕಾಣ್ತಾ ಇಲ್ಲ" ಅಂದರು. ಅವರ ಮಾತು ನ್ಯಾಯವಾಗಿತ್ತು. ಒಳಗೆ ಇಟ್ಟುಬಿಟ್ಟೆ.

ಮುಂದಿನ ಆಟಕ್ಕೆ ಡಿ90, 50 ಎಂಎಂ ಲೆನ್ಸ್. ಕಣ್ಣಿಗೆ ಒತ್ತಿ ಹಿಡಿದು ನೋಡುವ ವ್ಯೂಫೈಂಡರ್, ಯಾರಿಗೂ ತೊಂದರೆ ಇಲ್ಲ. ಫೋಕಸ್‌ಗೆ ಸಹಾಯ ಮಾಡಲು ಮುಂದೆ ಒಂದು ದೀಪ ಹೊತ್ತಿಕೊಳ್ಳುತ್ತದಲ್ಲ, ಅದನ್ನು ಮೆನುವಿನಲ್ಲಿ ಆಫ್ ಮಾಡಿದೆ. ದಯವಿಟ್ಟು ನೀವೂ ಮಾಡಿ, ಕುಣಿಯುವವರ ಕಣ್ಣಿಗೆ ಅದು ಹೊಡೆಯಬಾರದು. ಐಎಸ್‌ಒ 1600, ಎಫ್ 2.2, ರಾ ಫೈಲ್ (ಆಮೇಲೆ ಕಂಪ್ಯೂಟರಿನಲ್ಲಿ ತಿದ್ದಲು ಅನುಕೂಲವಾದ ಕಚ್ಚಾ ಫೈಲ್). ಕಿರೀಟದ ಬೇಗಡೆ ಮತ್ತು ಕೆಂಪು ಬಟ್ಟೆ ಸ್ಟೇಜ್ ಲೈಟಿಗೆ ಬಹಳ ಬೇಗ ಉರಿದು ಹೋಗುತ್ತವೆ. ಅದಕ್ಕೆ ಕ್ಯಾಮೆರಾದ ಮೀಟರ್ ಹೇಳಿದ್ದಕ್ಕಿಂತ ಸುಮಾರು ಮುಕ್ಕಾಲು ಸ್ಟಾಪ್ (ಒಂದು ಸ್ಟಾಪ್ ಕಮ್ಮಿ ಅಂದರೆ ಅರ್ಧ ಬೆಳಕು) ಕಮ್ಮಿ ಇಡುತ್ತೇನೆ. ಆಗ ಮುಖದ ಬಣ್ಣದ ಗೆರೆಗಳು ಉಳಿಯುತ್ತವೆ.

ತೆರೆ ಸರಿಯಿತು. ಒಡ್ಡೋಲಗ (ವೇಷಗಳ ಪ್ರವೇಶದ ಕುಣಿತ) ಮುಗಿದು ಚೆಂಡೆ ಏರಿತು. ದಿಗಿಣ (ಹಾರಿ ಸುತ್ತುವ ಕುಣಿತ) ಬರುತ್ತದೆ ಅನ್ನೋದು ಆಟ ನೋಡಿ ಅಭ್ಯಾಸ ಇದ್ದವರಿಗೆ ಪೆಟ್ಟಿನಲ್ಲೇ ಗೊತ್ತಾಗುತ್ತದೆ. ಕಾಲು ನೆಲ ಬಿಡುವುದಕ್ಕೆ ಕೂದಲೆಳೆಯಷ್ಟು ಮುಂಚೆ ಬೆರಳು ಒತ್ತಬೇಕು. ವ್ಯೂಫೈಂಡರಿನಲ್ಲಿ ಕಾಣೋದು ಕನ್ನಡಿಯಿಂದ ಬಂದ ನಿಜವಾದ ಬೆಳಕು, ತಡ ಅನ್ನೋದೇ ಇಲ್ಲ. ಸೆಕೆಂಡಿಗೆ ನಾಲ್ಕೂವರೆ ಫೋಟೋ. ಎರಡನೆಯದರಲ್ಲಿ ಸಿಕ್ಕಿತು. ಎರಡೂ ಕಾಲು ಗಾಳಿಯಲ್ಲಿ, ಸೊಂಟದ ಪಟ್ಟಿಗಳು ಚಕ್ರದ ಹಾಗೆ ಬಿಚ್ಚಿಕೊಂಡಿವೆ, ಮುಖ ಮಾತ್ರ ನೇರ ಸಭೆಯ ಕಡೆ. 2008ರ ಹಳೆಯ ಮಾಡೆಲ್ ಅಂತ ಆ ಫೋಟೋ ನೋಡಿದ ಯಾರೂ ಹೇಳಿಲ್ಲ. ಶಟರಿನ ಟಪ್ ಸದ್ದು ಚೆಂಡೆಯ ಅಬ್ಬರದಲ್ಲಿ ಪಕ್ಕದವರಿಗೂ ಕೇಳಲಿಲ್ಲ.

ಆದರೆ ತಾಳಮದ್ದಳೆಗೆ ಇದೇ ಡಿ90 ಬೇಡ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ, ಕೂತು ಅರ್ಥ ಹೇಳುತ್ತಾರೆ. ಮಾತಿನ ನಡುವಿನ ಮೌನಕ್ಕೂ ಬೆಲೆ ಇದೆ. ಆ ಮೌನದಲ್ಲಿ ಕನ್ನಡಿ ಎದ್ದು ಬಿದ್ದ ಸದ್ದು ಬಂದರೆ ನನಗೇ ಅಪರಾಧ ಮಾಡಿದ ಹಾಗೆ ಅನ್ನಿಸುತ್ತದೆ. ಅಲ್ಲಿಗೆ ಆರ್‌ಎಕ್ಸ್100 ಹೇಳಿ ಮಾಡಿಸಿದ್ದು. ಮುಂದಿನ ಸಾಲಿನಲ್ಲಿ ಕೂತರೆ ಝೂಮ್ ಬೇಡ, ಬೀಪ್ ಆಫ್ ಮಾಡಿದರೆ ಸದ್ದೇ ಇಲ್ಲ. ಸ್ಕ್ರೀನಿನ ಬೆಳಕು ಪೂರ್ತಿ ತಗ್ಗಿಸಿಡುತ್ತೇನೆ. ಒಂದೇ ಊರು, ಒಂದೇ ಸಭಾಂಗಣ, ಕಲಾವಿದರೂ ಎಷ್ಟೋ ಸಲ ಅವರೇ. ಕ್ಯಾಮೆರಾ ಮಾತ್ರ ಬೇರೆ ಬೇಕಾಯಿತು ನೋಡಿ.

ಮಳೆಗಾಲದ ಮಾತು ಬಂತಲ್ಲ, ಮುಂಬಯಿಯಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ದೊಡ್ಡ ಶತ್ರು ಅದೇ. ಎರಡನೇ ಮಳೆಗಾಲ ಮುಗಿದು ದಸರಾಕ್ಕೆ ಕಿಟ್ ಲೆನ್ಸ್ ತೆಗೆದು ಬೆಳಕಿಗೆ ಹಿಡಿದರೆ ಒಳಗಿನ ಗಾಜಿನ ಅಂಚಿನಲ್ಲಿ ಬಿಳಿ ಬೇರಿನ ಹಾಗೆ ಬೂಷ್ಟು. ಬಟ್ಟೆಯ ಬೀರುವಿನಲ್ಲಿ, ಅದೂ ಕ್ಯಾಮೆರಾ ಬ್ಯಾಗಿನಲ್ಲೇ ಮುಚ್ಚಿಟ್ಟಿದ್ದೆ. ಅದೇ ತಪ್ಪು. ಸ್ಪಂಜಿನ ಬ್ಯಾಗು ತೇವ ಹಿಡಿದುಕೊಳ್ಳುತ್ತದೆ, ಕತ್ತಲು ಬೇರೆ. ಬಿಚ್ಚಿ ತೊಳೆಸಿದೆ, ಗುರುತು ಪೂರ್ತಿ ಹೋಗಲಿಲ್ಲ. ಈಗ ರಬ್ಬರ್ ಅಂಚಿನ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್, ತೇವ ತೋರಿಸುವ ಚಿಕ್ಕ ಮೀಟರ್. ಮುಳ್ಳು 40ರಿಂದ 50ರ ನಡುವೆ ಇರಬೇಕು. ಜೆಲ್ ಬಣ್ಣ ಬದಲಿಸಿದರೆ ಹಳೆ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಹುರಿದು, ಆರಿಸಿ ಮತ್ತೆ ಹಾಕುತ್ತೇನೆ. ಆ ಬಾಣಲೆ ಅಡಿಗೆಗೆ ಬಳಸುವುದಿಲ್ಲ. ಆಮೇಲೆ ಬೂಷ್ಟು ಬಂದಿಲ್ಲ. ಎಸಿ ಹಾಲ್‌ನಿಂದ ಹೊರಗೆ ಬಂದ ಕೂಡಲೇ ಕ್ಯಾಮೆರಾ ತೆಗೆಯಬೇಡಿ, ಲೆನ್ಸ್ ಮಂಜು ಕಟ್ಟುತ್ತದೆ. ಬ್ಯಾಗಿನಲ್ಲೇ ಇಪ್ಪತ್ತು ನಿಮಿಷ ಇರಲಿ.

ಚಿಕ್ಕದಕ್ಕೆ ಶತ್ರು ಧೂಳು. ಅದರ ಲೆನ್ಸ್ ಹೊರಗೆ ಬಂದು ಒಳಗೆ ಹೋಗುವಾಗ ಗಾಳಿಯೂ ಹೋಗುತ್ತದೆ. ಮೂರು ವರ್ಷ ಪರ್ಸಿನಲ್ಲಿ ಹಾಗೇ ಬಿಸಾಕಿಕೊಂಡು ತಿರುಗಿದ್ದಕ್ಕೆ ಆಕಾಶದ ಫೋಟೋಗಳಲ್ಲೆಲ್ಲಾ ಒಂದು ಬೂದು ಚುಕ್ಕೆ ಬಂತು. ಡಿ90ರಲ್ಲಾದರೆ ಲೆನ್ಸ್ ಬಿಚ್ಚಿ ಬ್ಲೋವರ್‌ನಲ್ಲಿ ಗಾಳಿ ಊದಿದರೆ ಮುಗಿಯಿತು. ಇದಕ್ಕೆ ಪೂರ್ತಿ ಬಿಚ್ಚಬೇಕು. ಈಗ ಜಿಪ್ ಇರುವ ಚಿಕ್ಕ ಚೀಲದಲ್ಲಿ ಇಡುತ್ತೇನೆ. ಗೋರಾಯಿ ಬೀಚಿಗೆ ತಗೊಂಡು ಹೋಗುವುದೇ ಇಲ್ಲ.

ಬ್ಯಾಟರಿಯಲ್ಲಿ ಡಿ90ಯೇ ಮೇಲು. ಕಂಪನಿ ಲೆಕ್ಕದಲ್ಲಿ ಡಿ90 ಒಂದು ಚಾರ್ಜಿಗೆ 850 ಫೋಟೋ, ಆರ್‌ಎಕ್ಸ್100 330. ಆದರೆ ಚಿಕ್ಕದಕ್ಕೆ ಮೈಕ್ರೋ ಯುಎಸ್‌ಬಿ ಕೇಬಲ್ಲಿನಿಂದ ಪವರ್ ಬ್ಯಾಂಕಿನಲ್ಲೇ ಚಾರ್ಜ್ ಮಾಡಬಹುದು. ವಿಡಿಯೋ ಬೇಕಿದ್ದರೆ ಯೋಚನೆಯೇ ಬೇಡ, ಚಿಕ್ಕದೇ. ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್ ಡಿ90, ನಿಜ. ಆದರೆ ಎಚ್‌ಡಿಯಲ್ಲಿ ಸಲಕ್ಕೆ ಐದೇ ನಿಮಿಷ, ತೆಗೆಯುತ್ತಿರುವಾಗ ತಾನಾಗಿ ಫೋಕಸ್ ಮಾಡುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲಿ ಮರೀನ್ ಡ್ರೈವಿನಲ್ಲಿ ನಿಂತರೆ ಮಾತ್ರ ಆರ್‌ಎಕ್ಸ್100ದ ಸ್ಕ್ರೀನಿನಲ್ಲಿ ಏನೂ ಕಾಣುವುದಿಲ್ಲ, ವ್ಯೂಫೈಂಡರ್ ಇಲ್ಲವಲ್ಲ.

ಒಂದು ಉಪಾಯ ಹೇಳಲೇಬೇಕು. ಆರ್‌ಎಕ್ಸ್100ದ ಚಿಕ್ಕ ಫ್ಲಾಶ್ ಮೇಲೆದ್ದಾಗ ಬೆರಳಿನಿಂದ ಹಿಂದಕ್ಕೆ ಬಾಗಿಸಿ ಹಿಡಿಯಬಹುದು. ಬೆಳಕು ಚಾವಣಿಗೆ ಬಡಿದು ಮೆತ್ತಗೆ ಇಳಿಯುತ್ತದೆ. ನಮ್ಮ ವನ್ ಬಿಎಚ್‌ಕೆಗಳ ತಗ್ಗು ಬಿಳಿ ಚಾವಣಿಗೆ ಇದು ಬಹಳ ಚೆನ್ನಾಗಿ ಹೊಂದುತ್ತದೆ. ಗೌರಿ ಹಬ್ಬದ ಸಂಜೆ ದೇವರ ಮುಂದೆ ಕೂತ ಅತ್ತೆಯವರ ಫೋಟೋ ಹೀಗೇ ತೆಗೆದಿದ್ದು. ಹಣೆ ಹೊಳೆಯಲಿಲ್ಲ, ಹಿಂದೆ ಕಪ್ಪು ನೆರಳೂ ಇಲ್ಲ. ಅದಕ್ಕೇ ಚೌಕಟ್ಟು ಹಾಕಿಸಿದ್ದೇವೆ.

ಅಣ್ಣನ ಮಗಳು ತೆಗೆಯೋದು ಗೆಳತಿಯರನ್ನು, ಪೇಟೆ ಬೀದಿಗಳನ್ನು, ಸಿಂಹಗಡ ಹತ್ತುವ ದಾರಿಯನ್ನು. ಎಲ್ಲಾ ಕೈಗೆಟುಕುವ ದೂರ. ಅವಳಿಗೆ ಚಿಕ್ಕದೇ ಸರಿ ಅಂದೆ. ಕುಣಿತವೋ, ಆಟೋಟವೋ, ನಾಟಕವೋ ತೆಗೆಯುವ ಹುಚ್ಚು ಇದ್ದಿದ್ದರೆ ಎರಡು ಮಾತಿಲ್ಲದೆ ಹಳೆ ಡಿಎಸ್‌ಎಲ್‌ಆರ್ ಮತ್ತು ಒಂದು 50 ಎಂಎಂ ಅನ್ನುತ್ತಿದ್ದೆ, ಕಿಟ್ ಲೆನ್ಸ್ ಬಿಟ್ಟಾದರೂ ಸರಿ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರು ದಯವಿಟ್ಟು ಬಾಯಿಮಾತು ನಂಬಬೇಡಿ. ನನಗೆ ಮಾರಿದವರು ಹತ್ತು ಸಾವಿರ ಫೋಟೋ ತೆಗೆದ ಕ್ಯಾಮೆರಾ ಅಂದಿದ್ದರು. ಮನೆಗೆ ಬಂದು ನೋಡಿದರೆ ನಲವತ್ತು ಸಾವಿರ ದಾಟಿತ್ತು. ಡಿ90ರ ಶಟರ್ ಪರೀಕ್ಷೆ ಆಗಿರುವುದು ಒಂದು ಲಕ್ಷಕ್ಕೆ, ಹಾಗಾಗಿ ಬಚಾವಾದೆ. ಅಲ್ಲೇ ಒಂದು ಫೋಟೋ ತೆಗೆದು ಫೋನಿಗೆ ಹಾಕಿ, ಫೈಲಿನೊಳಗಿನ ಶಟರ್ ಕೌಂಟ್ ನೋಡಿ. ಎಫ್ 16ರಲ್ಲಿ ಬಿಳಿ ಗೋಡೆ ತೆಗೆದರೆ ಸೆನ್ಸರಿನ ಧೂಳು ಕಾಣುತ್ತದೆ. ಡಿ90ರ ಮೆನುವಿನಲ್ಲಿ ಬ್ಯಾಟರಿಯ ವಯಸ್ಸು 0ಯಿಂದ 4ರವರೆಗೆ ತೋರಿಸುತ್ತದೆ, 4 ಅಂದರೆ ಹೊಸದು ಕೊಳ್ಳಬೇಕು. ಡಿ90ಗೆ ಕಾರ್ಡ್ 32 ಜಿಬಿಗಿಂತ ದೊಡ್ಡದು ತಗೋಬೇಡಿ. ಚಿಕ್ಕ ಕ್ಯಾಮೆರಾ ಆದರೆ ಹತ್ತು ಸಲ ಆನ್, ಆಫ್ ಮಾಡಿ, ಲೆನ್ಸ್ ತಡವರಿಸದೆ ಬರಬೇಕು. ಯಾವುದೇ ಲೆನ್ಸ್ ಆಗಲಿ, ಟಾರ್ಚ್ ಬೆಳಕು ಹಾಯಿಸಿ ಓರೆಯಾಗಿ ನೋಡಿ. ಬೂಷ್ಟು ಇದ್ದರೆ ಅಲ್ಲೇ ಗೊತ್ತಾಗುತ್ತದೆ.

ಬರುವ ಶನಿವಾರ ಅವಳು ಡೆಕ್ಕನ್ ಕ್ವೀನ್‌ಗೆ ಬರುತ್ತಾಳೆ. ಸ್ಟೇಷನ್ನಿನಿಂದ ನೇರ ಬೋರಾ ಬಜಾರಿಗೆ. ಟಾರ್ಚ್ ನಾನು ಒಯ್ಯುತ್ತೇನೆ.