ನೀರಿನ ಮೋಟರ್‌ಗೆ ಯಾವ ವೈಫೈ ಬೋರ್ಡ್? ಮೂರನ್ನೂ ಕೊಂಡ ಮೇಲೆ ಹೇಳುತ್ತಿದ್ದೇನೆ

ಮೋಟರ್ ಅನ್ನು ಫೋನಿನಿಂದ ಆನ್-ಆಫ್ ಮಾಡಲು ಇಎಸ್‌ಪಿ-01, ನೋಡ್‌ಎಂಸಿಯು, ಇಎಸ್‌ಪಿ32 ಅಂತ ಮೂರು ಚಿಕ್ಕ ವೈಫೈ ಬೋರ್ಡ್ ಕೊಂಡೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ನೋಡ್‌ಎಂಸಿಯುಗೆ. ಇಎಸ್‌ಪಿ8266 ಚಿಪ್ ಇರುವ ಹಳೇ ಬೋರ್ಡ್ ಅದು. 2016ರಲ್ಲೇ ಇಎಸ್‌ಪಿ32 ಬಂದಿದೆ, ಇನ್ನೂ ಇದನ್ನೇ ಹಿಡಿದುಕೊಂಡು ಕೂತಿದ್ದೀಯಲ್ಲ ಅಂತ ಗೆಳೆಯರು ನಗುತ್ತಾರೆ. ನಗಲಿ. ನಮ್ಮ ಮನೆಯ ಟ್ಯಾಂಕ್ ತುಂಬಿಸಬೇಕಾದವನು ನಾನು.

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಮನೆ. ನಳದ ನೀರು ಬಂದ ದಿನ ನೆಲದೊಳಗಿನ ಸಂಪ್‌ಗೆ ಬಿಟ್ಟುಕೊಂಡು, ಅಲ್ಲಿಂದ ಅರ್ಧ ಎಚ್‌ಪಿ ಮೋಟರ್‌ನಿಂದ ಮಾಳಿಗೆ ಮೇಲಿನ ಟ್ಯಾಂಕಿಗೆ ಏರಿಸುತ್ತೇವೆ. ಏಪ್ರಿಲ್‌ನಲ್ಲಿ ಒಂದು ದಿನ ಬಂದ್ ಮಾಡುವುದು ಮರೆತೆ. ಟ್ಯಾಂಕ್ ತುಂಬಿ ಹರಿದ ನೀರು ಪಕ್ಕದ ಮನೆ ವೈನಿ ಒಣಹಾಕಿದ್ದ ಸಂಡಿಗೆ ಮೇಲೆಯೇ ಬಿತ್ತು. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವತ್ತೇ ರಾತ್ರಿ ಆರ್ಡರ್ ಮಾಡಿದೆ. ಕಡಿಮೆ ದುಡ್ಡಿನದನ್ನೇ ಆರಿಸಿದೆ: ಇಎಸ್‌ಪಿ-01, ರಿಲೇ (ಬೋರ್ಡ್ ಹೇಳಿದಂತೆ ಕರೆಂಟ್ ಬಿಡುವ, ಕಡಿಯುವ ಸ್ವಿಚ್) ಸಮೇತ 160 ರೂಪಾಯಿ. ಬೆಂಕಿಪೊಟ್ಟಣದಷ್ಟು ಚಿಕ್ಕದು, ನೋಡಲು ಮುದ್ದಾಗಿದೆ. ಟೇಬಲ್ ಮೇಲೆ ಎರಡು ದಿನ ಚೆನ್ನಾಗಿ ನಡೆಯಿತು. ಮಾಳಿಗೆಗೆ ಹೋದ ಮೇಲೆ ಶುರುವಾಯಿತು ನೋಡಿ ಗೋಳು.

ಇದರಲ್ಲಿ ರಿಲೇ ಸೇರಿಕೊಂಡಿರುವುದು ಜಿಪಿಐಒ 0 ಅನ್ನುವ ಪಿನ್ನಿಗೆ. ಕರೆಂಟ್ ಬಂದ ಕ್ಷಣ ಚಿಪ್ ನೋಡುವುದೂ ಇದೇ ಪಿನ್ನನ್ನು. ಅಲ್ಲಿ ವೋಲ್ಟೇಜ್ ಇದ್ದರೆ ನಮ್ಮ ಪ್ರೋಗ್ರಾಂ ಓಡುತ್ತದೆ. ಇಲ್ಲದಿದ್ದರೆ, ಯಾರೋ ಹೊಸ ಪ್ರೋಗ್ರಾಂ ಹಾಕಲು ಬಂದಿದ್ದಾರೆ ಅಂದುಕೊಂಡು ಸುಮ್ನೆ ಕಾಯುತ್ತಾ ಕೂರುತ್ತದೆ. ಕೆಲಸವನ್ನೂ ಬಾಗಿಲು ಕಾಯುವುದನ್ನೂ ಒಬ್ಬನಿಗೇ ವಹಿಸಿದ ಹಾಗೆ.

ಬೇಸಿಗೆಯಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಒಂದೇ ಸಲ ಹೋಗುವುದಿಲ್ಲ. ಹೋಗುತ್ತದೆ, ಬರುತ್ತದೆ, ಮಿನಿಟಿನೊಳಗೆ ಮತ್ತೆ ಹೋಗುತ್ತದೆ. ಆಗ ರಿಲೇ ಟಕ್ ಟಕ್ ಅನ್ನುತ್ತದೆ, ಆಮೇಲೆ ಸದ್ದೇ ಇಲ್ಲ. ಫೋನಿನಲ್ಲಿ ಬೋರ್ಡ್ ಕಾಣಿಸುವುದೇ ಇಲ್ಲ. ಅವ್ವ ಕೆಳಗಿನಿಂದ ಕೂಗುತ್ತಾಳೆ: "ಯಪ್ಪಾ, ನಿನ್ನ ಡಬ್ಬಿ ಮತ್ತ ಸುಮ್ನ ಕುಂತದ ನೋಡು." ಮಧ್ಯಾಹ್ನ ಎರಡು ಗಂಟೆಯ ಬಿಸಿಲಲ್ಲಿ, ಕಾದ ಶಹಾಬಾದ್ ಕಲ್ಲಿನ ಮೇಲೆ ಬರಿಗಾಲಲ್ಲಿ ಕುಣಿಯುತ್ತಾ ಹೋಗಿ ಪ್ಲಗ್ ಕಿತ್ತು ಮತ್ತೆ ಚುಚ್ಚಬೇಕು. ಆ ಪಿನ್ನಿಗೂ 3.3 ವೋಲ್ಟಿಗೂ ನಡುವೆ 10 ಕಿಲೋಓಮ್ ರೆಸಿಸ್ಟರ್ ಬೆಸುಗೆ ಹಾಕಿ ನೋಡಿದೆ. ಕಾಟ ಕಡಿಮೆಯಾಯಿತು, ಹೋಗಲಿಲ್ಲ.

ನೋಡ್‌ಎಂಸಿಯುಗೆ 280 ಕೊಟ್ಟೆ, ರಿಲೇಗೆ ಬೇರೆ 70. ಇದರೊಳಗೂ ಅದೇ ಚಿಪ್, ಅದೇ ರೋಗ. ಆದರೆ ಇಲ್ಲಿ ಪಿನ್ ಆರಿಸಿಕೊಳ್ಳಲು ಜಾಗವಿದೆ. ಡಿ1, ಡಿ2 ಎರಡೂ ಶುರುವಾಗುವಾಗ ತೆಪ್ಪಗಿರುತ್ತವೆ. ರಿಲೇಯನ್ನು ಡಿ3ಗೆ ಮಾತ್ರ ಕೊಡಬೇಡಿ, ಒಳಗೆ ಅದು ಅದೇ ಜಿಪಿಐಒ 0. ಹೆಸರು ಬೇರೆ, ಆಸಾಮಿ ಅವನೇ. ಡಿ4, ಡಿ8 ಕೂಡ ಶುರುವಿನಲ್ಲಿ ಚಿಪ್ ನೋಡುವ ಪಿನ್ನುಗಳೇ. ಡಿ0 ಶುರುವಿನಲ್ಲಿ ಹೈ, ಅಂದರೆ ವೋಲ್ಟೇಜ್ ಇರುವ ಸ್ಥಿತಿಯಲ್ಲೇ ಇರುತ್ತದೆ. ನಾನು ಡಿ1ಗೆ ಕೊಟ್ಟೆ. ನನ್ನ ರಿಲೇ ಪಿನ್ನಿನ ವೋಲ್ಟೇಜ್ ಇಳಿದಾಗ ಆನ್ ಆಗುವಂಥದ್ದು. ಅದಕ್ಕೇ ಪ್ರೋಗ್ರಾಂನಲ್ಲಿ ಮೊದಲು ಪಿನ್ನನ್ನು ಹೈ ಮಾಡಿ, ಆಮೇಲೆ ಔಟ್‌ಪುಟ್ ಅಂತ ಬರೆದೆ. ಟಕ್ ಅನ್ನುವುದು ಅಲ್ಲಿಗೆ ನಿಂತಿತು.

ಟಾಸ್ಮೋಟಾ ಅನ್ನುವ ರೆಡಿಮೇಡ್ ಪ್ರೋಗ್ರಾಂ ಹಾಕುವವರು ಅದರ ಪವರ್‌ಆನ್‌ಸ್ಟೇಟ್ ಸೆಟ್ಟಿಂಗ್ ಅನ್ನು 0 ಮಾಡಿಕೊಳ್ಳಿ. ಇಲ್ಲದಿದ್ದರೆ ಕರೆಂಟ್ ಹೋಗುವಾಗ ಇದ್ದ ಸ್ಥಿತಿಗೇ ಅದು ವಾಪಸ್ ಬರುತ್ತದೆ. ಅಂದರೆ ರಾತ್ರಿ ಎರಡಕ್ಕೆ ಕರೆಂಟ್ ಬಂದರೆ ಮೋಟರ್ ಕೂಡ ಎರಡಕ್ಕೇ ಏಳುತ್ತದೆ, ಸಂಪಿನಲ್ಲಿ ನೀರಿರಲಿ ಬಿಡಲಿ.

ಇಎಸ್‌ಪಿ32ಗೆ 450 ಕೊಟ್ಟೆ. ಒಳ್ಳೇ ಬೋರ್ಡ್, ಸುಳ್ಳು ಹೇಳಬಾರದು. ಆದರೆ ಒಂದು ಮೋಟರ್, ಎರಡು ಫ್ಲೋಟ್ ಸ್ವಿಚ್‌ಗೆ (ನೀರಿನ ಮೇಲೆ ತೇಲುತ್ತಾ ಮಟ್ಟ ತಿಳಿಸುವ ಸ್ವಿಚ್) ಇದು ಗುಬ್ಬಿ ಮೇಲೆ ಬ್ರಹ್ಮಾಸ್ತ್ರ. ಮಲ್ಲಿಗೆ ಕುಂಡದ ಮಣ್ಣಿನ ಸೆನ್ಸರ್ ಅನ್ನು 26ನೇ ಪಿನ್ನಿಗೆ ಕೊಟ್ಟು ಒಂದು ಸಂಜೆ ಪೂರ್ತಿ ಹಾಳುಮಾಡಿಕೊಂಡೆ. ಅದು ಎಡಿಸಿ2 (ವೋಲ್ಟೇಜ್ ಅಳೆಯುವ ಎರಡನೇ ಘಟಕ) ಗುಂಪಿನ ಪಿನ್ನಂತೆ, ವೈಫೈ ನಡೆಯುವಾಗ ಅಳತೆ ಕೊಡುವುದಿಲ್ಲ. 34ಕ್ಕೆ ಬದಲಿಸಿದೆ, ಸರಿಹೋಯಿತು. ಮನೆಯಲ್ಲಿ ಸೆನ್ಸರ್ ಜಾಸ್ತಿ ಇದ್ದರೆ ಇದನ್ನೇ ತಗೊಳ್ಳಿ.

ಫ್ಲೋಟ್ ಸ್ವಿಚ್ ಯಾಕೆ ಅಂತೀರಾ? ಮೊದಲು ಶಬ್ದದ ಅಲೆಯಿಂದ ನೀರಿನ ಮಟ್ಟ ಅಳೆಯುವ ಅಲ್ಟ್ರಾಸಾನಿಕ್ ಸೆನ್ಸರ್ ಹಾಕಿದ್ದೆ. ಟ್ಯಾಂಕಿನ ಆವಿ ಹನಿಗಟ್ಟಿ ವಾರದಲ್ಲೇ ಹುಚ್ಚುಹುಚ್ಚು ಅಳತೆ ತೋರಿಸಿತು.

ಇನ್ನೊಂದು ಮಾತು, ಇದು ಮೂರೂ ಬೋರ್ಡಿಗೆ. ರಿಲೇ ಮೇಲೆ 10 ಆಂಪ್ ಅಂತ ಬರೆದಿದೆ ಅಂತ ಮೋಟರ್ ಅನ್ನು ನೇರ ಅದಕ್ಕೆ ಕೊಡಬೇಡಿ. ಮೋಟರ್ ಏಳುವಾಗ ಎಷ್ಟೋ ಪಟ್ಟು ಕರೆಂಟ್ ಎಳೆಯುತ್ತದೆ. ನನ್ನ ಮೊದಲ ರಿಲೇಯ ಪಾಯಿಂಟ್ ಅಂಟಿಕೊಂಡು, ಫೋನಿನಲ್ಲಿ ಆಫ್ ಅಂತಿದ್ದರೂ ಮೋಟರ್ ಓಡುತ್ತಲೇ ಇತ್ತು. ಎಲೆಕ್ಟ್ರಿಷಿಯನ್ ಬಂದು ಕಾಂಟ್ಯಾಕ್ಟರ್ ಹಾಕಿದ, ಅಂದರೆ ಮೋಟರ್‌ನ ಭಾರಿ ಕರೆಂಟ್ ತಾಳುವ ದೊಡ್ಡ ರಿಲೇ. ಈಗ ರಿಲೇ ಎಬ್ಬಿಸುವುದು ಕಾಂಟ್ಯಾಕ್ಟರ್‌ನ ಕಾಯಿಲ್ ಅನ್ನು ಮಾತ್ರ. ಬೋರ್ಡುಗಳಿಗಿಂತ ಇದಕ್ಕೇ ದುಡ್ಡು ಜಾಸ್ತಿ ಆಯಿತು, ಆದರೂ ಮೊದಲು ಇದನ್ನೇ ಮಾಡಿಸಬೇಕಿತ್ತು.

ಮೊನ್ನೆ ವೈನಿ ಬಂದು, "ತಮ್ಮಾ, ನಮ್ಮ ಮನಿಗೂ ಒಂದು ಹಚ್ಚಿಕೊಡು" ಅಂದರು. ಇನ್ನೊಂದು ನೋಡ್‌ಎಂಸಿಯು ತರಿಸಿದ್ದೇನೆ. ಇಎಸ್‌ಪಿ-01 ಈಗ ದೇವರ ಮನೆಯ ಸೀರಿಯಲ್ ಲೈಟ್ ನೋಡಿಕೊಳ್ಳುತ್ತಿದೆ. ಅಲ್ಲಿ ಅದು ಸುಮ್ನೆ ಕೂತರೂ ಅವ್ವ ಕೂಗುವುದಿಲ್ಲ, ದೀಪ ಹಚ್ಚಿಕೊಳ್ಳುತ್ತಾಳೆ.