ಚಕ್ರಕ್ಕಿಂತ ಪೊಟ್ಟಣ ವಾಸಿ: ಗಿಳಿಗೆ ತಿಂಡಿ ಹುಡುಕಿಸುವ ಆಟಿಕೆಗಳು

ತೀರ್ಪು ಮೊದಲೇ ಹೇಳಿಬಿಡುತ್ತೇನೆ: ದುಡ್ಡು ಕೊಟ್ಟು ತಂದ, ಹಕ್ಕಿ ತಿರುಗಿಸಿದರೆ ಕಾಳು ಉದುರುವ ಅಕ್ರಿಲಿಕ್ (ಪಾರದರ್ಶಕ ಪ್ಲಾಸ್ಟಿಕ್) ಚಕ್ರಕ್ಕಿಂತ, ತಿಂಡಿ ಇಟ್ಟು ಮನೆಯಲ್ಲೇ ಮಡಚಿದ ಕಾಗದದ ಪೊಟ್ಟಣ ಮೇಲು. ಕಾಕಟೀಲ್, ಕೊನ್ಯೂರ್ ಎಂಬ ಎರಡು ಜಾತಿಯ ಸಾಕು ಗಿಳಿಗಳಿಗೂ ಕೊಟ್ಟು ನೋಡಿದ ಮೇಲಿನ ಮಾತಿದು. ಪೊಟ್ಟಣಕ್ಕಿರುವ ಕಾಟ ಒಂದೇ, ಒದ್ದೆ. ಅದನ್ನು ಬಗೆಹರಿಸಿಕೊಳ್ಳುವುದರಲ್ಲೇ ಅರ್ಧ ಕೆಲಸವಿದೆ.

ಚಕ್ರದ ಒಳಗಿನ ಕಾಳು ಹೊರಗೆ ಕಾಣುತ್ತದೆ. ಹುಡುಕುವುದನ್ನು ಈಗಷ್ಟೇ ಕಲಿಯುವ ಹಕ್ಕಿಗೆ ಅದು ಅನುಕೂಲವೇ. ಆದರೆ ತಿರುಗಿಸಿದರೆ ಬೀಳುತ್ತದೆ ಅನ್ನುವುದು ಮೂರು ದಿನದಲ್ಲಿ ತಿಳಿದುಹೋಯಿತೆಂದರೆ ಆಮೇಲೆ ಅದು ಸದ್ದು ಮಾಡುವ ಬಟ್ಟಲು, ಅಷ್ಟೆ. ಕಷ್ಟ ಹೆಚ್ಚಿಸೋಣವೆಂದರೆ ದಾರಿಯಿಲ್ಲ. ಮೂಲೆಯಲ್ಲಿ ಕೂತ ಪೆಲೆಟ್ (ಹಕ್ಕಿಗೆಂದೇ ಮಾಡಿದ ಸಿದ್ಧ ಆಹಾರದ ಗುಳಿಗೆ) ಪುಡಿ ತೆಗೆಯಲು ಪ್ರತಿ ಸಲ ನಟ್ಟು ಬಿಚ್ಚಬೇಕು. ಕುದಿಯುವ ನೀರು ಹಾಕಿದರೆ ಅಕ್ರಿಲಿಕ್ ಸೊಟ್ಟಗಾಗುತ್ತದೆ, ಸ್ಪಿರಿಟ್‌ನಲ್ಲಿ ಒರೆಸಿದರೆ ಕೂದಲೆಳೆಯಂಥ ಬಿರುಕು ಬಿಡುತ್ತದೆ. ಕೊನ್ಯೂರ್ ಕೊಕ್ಕಿನಲ್ಲೇ ನಟ್ಟು ಸಡಿಲಿಸುವ ಜಾತಿ. ನಟ್ಟಿಗೆ ಸತುವಿನ ಲೇಪ ಇದ್ದರೆ ಕಚ್ಚಿ ಕಚ್ಚಿ ಅದು ಹೊಟ್ಟೆಗೆ ಹೋಗಿ ವಿಷವಾಗುತ್ತದೆ. ಚಕ್ರ ತಗೊಳ್ಳುವವರು ನಟ್ಟು, ಕೊಂಡಿ ಎರಡೂ ಸ್ಟೇನ್‌ಲೆಸ್ ಸ್ಟೀಲಿನವೇ ಎಂದು ಖಚಿತ ಮಾಡಿಕೊಳ್ಳಿ.

ಪೊಟ್ಟಣಕ್ಕೆ ಬೇಕಾದ್ದು 15 ಸೆಂ.ಮೀ. ಚೌಕದ ಸಾದಾ ಕಾಗದ, ಒಂದು ಟೀ ಚಮಚ ಒಣ ಮಿಶ್ರಣ. ನುಣುಪು ಹೊಳಪಿನ ಕಾಗದವೂ ಬೇಡ, ಅಂಗಡಿ ರಸೀದಿಯೂ ಬೇಡ. ಟೇಪು, ಸ್ಟೇಪಲ್ ಪಿನ್, ಅಂಟು ಯಾವುದನ್ನೂ ಹತ್ತಿರ ಸೇರಿಸಬಾರದು. ಮೊದಲೆರಡು ದಿನ ಕಾಗದವನ್ನು ಬಿಡಿಸಿಯೇ ಬಟ್ಟಲಲ್ಲಿಡಿ, ಕಾಳು ಕಣ್ಣಿಗೆ ಬೀಳಲಿ. ಆಮೇಲೆ ಒಂದು ಮಡಿಕೆ. ಅದನ್ನು ಬಿಡಿಸಲು ಬಂತೆಂದರೆ ನಾಲ್ಕೂ ಮೂಲೆ ಸೇರಿಸಿ ತಿರುಚಿ. ಅದೂ ಸಲೀಸಾದರೆ ತಿರುಚಿದ ಪೊಟ್ಟಣಗಳನ್ನು ಸಣ್ಣ ರಟ್ಟಿನ ಡಬ್ಬಿಯಲ್ಲಿ ತುಂಬಿ, ಡಬ್ಬಿಯ ಪಕ್ಕಕ್ಕೆ ಬೆರಳಗಲದ ತೂತು ಮಾಡಿ ದಾರದಲ್ಲಿ ತೂಗುಹಾಕಿ. ದಾರ ಮಾತ್ರ ಹಕ್ಕಿಯ ಕುತ್ತಿಗೆಗೋ ಕಾಲಿಗೋ ಸುತ್ತಿಕೊಳ್ಳುವಷ್ಟು ಉದ್ದ ಇರಕೂಡದು, ಎಳೆ ಬಿಟ್ಟಿರಲೂಕೂಡದು.

ಒಣ ಮಿಶ್ರಣದಲ್ಲಿ ಪೆಲೆಟ್ಟೇ ಹೆಚ್ಚಿರಲಿ: ಏಳು ಪಾಲು ಪೆಲೆಟ್, ಎರಡು ಪಾಲು ನವಣೆ, ಓಟ್ಸ್‌ನಂಥ ಕಾಳು, ಒಂದು ಪಾಲು ಉಪ್ಪು ಹಾಕದ ಬಾದಾಮಿ ಚೂರು. ಸೂರ್ಯಕಾಂತಿ ಬೀಜ ಐದು ಪೊಟ್ಟಣಕ್ಕೊಂದರಲ್ಲಿ, ಅದೂ ಒಂದೆರಡು. ಅದರಲ್ಲಿ ಕೊಬ್ಬು ಜಾಸ್ತಿ, ಎ ಜೀವಸತ್ವವೂ ಕ್ಯಾಲ್ಸಿಯಮ್ಮೂ ಕಮ್ಮಿ. ಅದನ್ನೇ ತುಂಬಿದರೆ ಹಕ್ಕಿ ಉಳಿದದ್ದನ್ನು ಮೂಸಿಯೂ ನೋಡುವುದಿಲ್ಲ.

ಇನ್ನು ಆ ಕಾಟ. ಒಳ್ಳೆಯ ಆಹಾರವೆಂದರೆ ಪೆಲೆಟ್ ಒಂದೇ ಅಲ್ಲ, ತರಕಾರಿಯ ಹಸಿ ಮಿಶ್ರಣವೂ ಬೇಕು. ಚಾಪ್ ಎಂದು ಕರೆಯುವುದು ಅದನ್ನೇ. ಇದನ್ನು ಪೊಟ್ಟಣದಲ್ಲಿ ಕಟ್ಟಿದರೆ ಹತ್ತೇ ನಿಮಿಷದಲ್ಲಿ ಕಾಗದ ನೆಂದು ಮುದ್ದೆಯಾಗುತ್ತದೆ. ಒಣ ಕಾಗದವನ್ನು ಗಿಳಿ ಹರಿದು ಕೆಳಗೆ ಉದುರಿಸುತ್ತದೆ. ನೆಂದ ಕಾಗದ ಕ್ಯಾರೆಟ್ ತುರಿಗೆ ಅಂಟಿಕೊಂಡಿರುತ್ತದೆ, ಎರಡೂ ಒಟ್ಟಿಗೆ ಬಾಯಿಗೆ ಹೋಗುತ್ತವೆ. ಡಬ್ಬಿಯ ತಳದಲ್ಲಿ ಕಣ್ಣಿಗೆ ಕಾಣದೆ ಉಳಿದ ಒದ್ದೆ ಪೊಟ್ಟಣ ಸಂಜೆಯೊಳಗೆ ಹುಳಿ ವಾಸನೆ ಹೊಡೆಯುತ್ತದೆ.

ತಪ್ಪು ಕಾಗದದ್ದಲ್ಲ, ಮಿಶ್ರಣದಲ್ಲಿರುವ ನೀರಿನದು. ತೊಳೆದ ಸೊಪ್ಪನ್ನು ಹಾಗೇ ಹೆಚ್ಚುವುದು ಮೊದಲನೆಯ ಎಡವಟ್ಟು. ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿಕೊಳ್ಳಿ. ಎರಡನೆಯದು ಸೌತೆಕಾಯಿ, ಟೊಮೆಟೊ, ಹಣ್ಣು ಸೇರಿಸುವುದು. ಮೂರನೆಯದು ಫ್ರೀಜರ್. ಹೆಪ್ಪುಗಟ್ಟುವಾಗ ಹಿಮದ ಹರಳು ತರಕಾರಿಯ ಜೀವಕೋಶವನ್ನು ಒಡೆಯುತ್ತದೆ, ಕರಗುವಾಗ ಒಳಗಿನ ರಸವೆಲ್ಲ ಹೊರಗೆ. ಹಾಗಾಗಿ ಕರಗಿಸುವಾಗ ಜರಡಿಯಲ್ಲಿಟ್ಟು, ಕೆಳಗೊಂದು ಬಟ್ಟಲಿಟ್ಟು, ರಾತ್ರಿಯಿಡೀ ಫ್ರಿಜ್ಜಿನಲ್ಲೇ ಬಿಡಿ.

ಅಳತೆ ಹತ್ತು ಬಟ್ಟಲಿಗೆ ಹೀಗೆ: ಆರು ಬಟ್ಟಲು ಕ್ಯಾರೆಟ್, ಸಿಹಿಗುಂಬಳ, ದಪ್ಪ ಮೆಣಸಿನಕಾಯಿ, ಬ್ರೊಕೊಲಿ, ಕಡು ಹಸಿರು ಸೊಪ್ಪು, ಎರಡು ಬಟ್ಟಲು ಬೇಯಿಸಿದ ಧಾನ್ಯ, ಒಂದು ಬಟ್ಟಲು ಬೇಯಿಸಿದ ಬೇಳೆಕಾಳು, ಒಂದು ಬಟ್ಟಲು ಬೇಯಿಸದ ಒಣ ಓಟ್ಸ್. ಉಳಿದ ತೇವ ಹೀರುವುದು ಈ ಕೊನೆಯದು. ಪಾಲಕ್‌ನಲ್ಲಿರುವ ಆಕ್ಸಲೇಟ್ ಕ್ಯಾಲ್ಸಿಯಂ ಹೀರಿಕೆಗೆ ಅಡ್ಡಿ, ಸ್ವಲ್ಪವೇ ಸಾಕು. ರಾಜ್ಮಾ ಹಾಕುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ 10 ನಿಮಿಷ ಕೊತಕೊತ ಕುದಿಸಿ ಆಮೇಲೆ ಮೆತ್ತಗೆ ಬೇಯಿಸಬೇಕು. ಬರೀ ಸಣ್ಣ ಉರಿಯಲ್ಲಿಟ್ಟರೆ ಅದರ ವಿಷ ಹೋಗುವುದಿಲ್ಲ. ಬೆಣ್ಣೆಹಣ್ಣು, ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಯಾವ ಅಳತೆಯಲ್ಲೂ ಬೇಡ. ಕಲಸಿದ ಮೇಲೆ ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿ: ಉಂಡೆ ಕಟ್ಟಬೇಕು, ಬೆರಳ ಸಂದಿಯಲ್ಲಿ ನೀರು ಇಣುಕಬಾರದು.

ಇಷ್ಟು ಒಣಗಿಸಿದರೂ ಅದನ್ನು ಕಾಗದಕ್ಕೆ ಕಟ್ಟುವ ಹಟ ಬಿಟ್ಟಿದ್ದೇನೆ. ಎಲೆಕೋಸಿನ ಹೊರ ಎಲೆಯ ದಪ್ಪ ನಾರು ಕೆತ್ತಿ, ಒಂದು ಚಮಚ ಚಾಪ್ ಇಟ್ಟು ಸುತ್ತಿ, ಸೊಪ್ಪಿನ ದಂಟನ್ನೇ ಕಡ್ಡಿಯಂತೆ ಚುಚ್ಚಿದರೆ ಹಸಿಗೂ ಒಂದು ಪೊಟ್ಟಣ ಆಯಿತು. ಹೊದಿಕೆಯನ್ನೂ ತಿಂದರೆ ಲಾಭವೇ. ಇಟ್ಟ ಎರಡು ಗಂಟೆಗೆ ಉಳಿದದ್ದನ್ನು ಎಣಿಸಿ ಹೊರಗೆ ತೆಗೆಯಬೇಕು. ಎಷ್ಟು ಇಟ್ಟೆವೆಂಬ ಲೆಕ್ಕ ಇಲ್ಲದವರಿಗೆ ಇದು ಹೇಳಿದ್ದಲ್ಲ.

ಬೇರೆ ದಾರಿಗಳೂ ಇವೆ. ಕಾಗದದ ಚೂರಿನ ನಡುವೆ ಕಾಳು ಬಚ್ಚಿಟ್ಟ ತಟ್ಟೆ ಕಾಕಟೀಲ್‌ಗೆ ಚೆನ್ನ, ನೆಲದಲ್ಲಿ ಹೆಕ್ಕಿ ತಿನ್ನುವ ಹಕ್ಕಿ ಅದು. ಕೂರುವ ಕಡ್ಡಿಯ ಕೆಳಗಿಟ್ಟರೆ ಮಾತ್ರ ಹಿಕ್ಕೆ ತುಂಬುತ್ತದೆ. ಸ್ಟೀಲ್ ಸಲಾಕೆಗೆ ತರಕಾರಿ ಹೋಳು ಪೋಣಿಸುವುದು ಸುಲಭ, ಹುಡುಕಾಟ ಏನೂ ಇಲ್ಲ.

ಯಾವುದನ್ನೇ ಆರಿಸಿ, ಹಕ್ಕಿಗೆ ಪೂರ್ತಿ ಕೈ ಕುದುರುವವರೆಗೆ ದಿನದ ಆಹಾರವನ್ನೆಲ್ಲ ಬಚ್ಚಿಡಬೇಡಿ. ಬೆಳಗ್ಗೆ ತಿನ್ನುವ ಮೊದಲು ಗ್ರಾಂ ತಕ್ಕಡಿಯಲ್ಲಿ ತೂಗಿ. 90 ಗ್ರಾಂ ಕಾಕಟೀಲ್ 81ರ ಹತ್ತಿರ, ಅಂದರೆ ತೂಕದ ಹತ್ತರಲ್ಲೊಂದು ಪಾಲು, ಇಳಿಯುವ ತನಕ ಕಾಯುವುದಲ್ಲ. ಎರಡು ದಿನ ಸತತ ಇಳಿದರೆ ಸಾಕು, ಬಟ್ಟಲು ವಾಪಸ್ ಇಡಿ. ಬಟ್ಟಲಲ್ಲಿ ಕಾಣುವ ಸಿಪ್ಪೆಯನ್ನು ಕಾಳೆಂದು ತಿಳಿದು ಮೋಸಹೋಗುವುದು ಬಹಳ.

ರಜೆಯ ದಿನ ಕೂತು ನಲವತ್ತು ಒಣ ಪೊಟ್ಟಣ ತಿರುಚಿ ಡಬ್ಬಿಗೆ ತುಂಬುವುದು ನನಗೆ ಬೇಸರದ ಕೆಲಸವಲ್ಲ, ಕಾಗದಕ್ಕೆ ಖರ್ಚೂ ಇಲ್ಲ. ಅಷ್ಟು ಪುರುಸೊತ್ತು ಇಲ್ಲದವರಿಗೆ ಚಕ್ರವೇ ಗತಿ. ನನ್ನ ಚಕ್ರ ಈಗ ವಾರಕ್ಕೊಂದು ದಿನ ಪಂಜರಕ್ಕೆ ಬರುತ್ತದೆ, ಒಳಗೆ ಕಾಳಿನ ಬದಲು ನಾಲ್ಕು ಪೊಟ್ಟಣ.