ವಿಜಯನಗರದ ಸಪ್ಲಿಮೆಂಟ್ ಅಂಗಡಿ: ಮಾಲು ತಗೊಳ್ಳಿ, ಸಲಹೆ ತಗೋಬೇಡಿ

ವಿಜಯನಗರದಲ್ಲಿ, ಮೆಟ್ರೋ ಸ್ಟೇಷನ್ನಿಂದ ನಡೆದು ಹೋಗುವಷ್ಟು ದೂರದಲ್ಲಿ ಒಂದು ಸಪ್ಲಿಮೆಂಟ್ ಅಂಗಡಿ ಇದೆ. ಹೆಸರು ಬರೆಯುವುದಿಲ್ಲ. ನಾನು ಹೇಳುವ ಮಾತು ಬೆಂಗಳೂರಿನ ಇಂಥ ಎಷ್ಟೋ ಅಂಗಡಿಗಳಿಗೆ ಅನ್ವಯಿಸುತ್ತದೆ. ನಾನು ಮಾಗಡಿ ರೋಡ್ ಕಡೆಯ ಒಂದು ಮೆಡಿಕಲ್ ಸ್ಟೋರಿನಲ್ಲಿ ಫಾರ್ಮಸಿಸ್ಟ್. ದಿನವಿಡೀ ಡಾಕ್ಟರ ಚೀಟಿ ಓದಿ ಮಾತ್ರೆ ಕೊಡುವುದೇ ಕೆಲಸ. ಹಾಗಾಗಿ ಯಾವ ಅಂಗಡಿಗೆ ಹೋದರೂ, ಕೌಂಟರಿನಲ್ಲಿ ನಿಂತವರು ಗಿರಾಕಿಗೆ ಏನು ಕೇಳುತ್ತಾರೆ ಅನ್ನುವುದನ್ನೇ ಮೊದಲು ಗಮನಿಸುತ್ತೇನೆ.

ಚೆನ್ನಾಗಿರುವುದನ್ನು ಮೊದಲು ಹೇಳಿಬಿಡುತ್ತೇನೆ. ಅಂಗಡಿ ಚೊಕ್ಕಟವಾಗಿದೆ. ಡಬ್ಬಗಳ ಮೇಲೆ ಬಿಸಿಲು ಬೀಳುವುದಿಲ್ಲ. ಸೀಲ್ ಒಡೆಯದ ಮಾಲು ಕೊಡುತ್ತಾರೆ, ಸ್ಕ್ರ್ಯಾಚ್ ಕೋಡನ್ನು ನಮ್ಮೆದುರೇ ಕೆರೆದು ಚೆಕ್ ಮಾಡಿ ತೋರಿಸುತ್ತಾರೆ. ಬ್ಯಾಚ್ ನಂಬರ್ ಸಮೇತ ಬಿಲ್ಲು ಕೊಡುತ್ತಾರೆ. ನಕಲಿ ವ್ಹೇ ಪ್ರೋಟೀನ್ (ಹಾಲಿನಿಂದ ತೆಗೆದ ಪ್ರೋಟೀನ್ ಪುಡಿ) ಹಾವಳಿ ಇರುವ ಈ ಕಾಲದಲ್ಲಿ ಇದು ಸಣ್ಣ ವಿಷಯ ಅಲ್ಲ. ದೊಡ್ಡ ಡಬ್ಬ ಬೇಡ ಅಂದರೆ ಸ್ಯಾಚೆ ಕೊಡುತ್ತಾರೆ, ಮುಖ ಸಿಂಡರಿಸುವುದಿಲ್ಲ.

ತೊಂದರೆ ಇರುವುದು ಎಡಗಡೆಯ ಗೋಡೆಯಲ್ಲಿ. ಅಲ್ಲಿ 'ಮೂಡ್, ನಿದ್ದೆ, ಫೋಕಸ್' ಅಂತ ಬೋರ್ಡ್ ಹಾಕಿ ಅಮೈನೋ ಆಸಿಡ್ (ಪ್ರೋಟೀನಿನ ಬಿಡಿ ಭಾಗಗಳಂಥ ವಸ್ತು) ಡಬ್ಬಗಳನ್ನು ಜೋಡಿಸಿದ್ದಾರೆ. ಟೈರೋಸಿನ್, ಟ್ರಿಪ್ಟೊಫ್ಯಾನ್, ಥಿಯನಿನ್, ಗ್ಲೈಸಿನ್, ಜೊತೆಗೆ ಫೈವ್ ಎಚ್‌ಟಿಪಿ.

ನನ್ನ ತಮ್ಮ ಅಲ್ಲಿಗೆ ವ್ಹೇ ತರಲು ಹೋಗಿದ್ದ. ನೈಟ್ ಶಿಫ್ಟ್ ಕೆಲಸ ಅವನದು. ನಿದ್ದೆ ಸರಿಯಿಲ್ಲ, ಮನಸ್ಸು ಭಾರ ಅಂತ ಮಾತಿಗೆ ಹೇಳಿದ್ದಾನೆ. ಕೌಂಟರಿನ ಹುಡುಗ ಬಿಸಿಎಎ ಪೌಡರ್, ಟೈರೋಸಿನ್, ಫೈವ್ ಎಚ್‌ಟಿಪಿ ಮೂರನ್ನೂ ಸೇರಿಸಿ ಬಿಲ್ ಮಾಡಿದ. ತೂಕ ಎಷ್ಟು, ಜಿಮ್‌ಗೆ ಯಾವಾಗ ಹೋಗ್ತೀರ, ವೆಜ್ಜಾ ನಾನ್‌ವೆಜ್ಜಾ ಅಂತೆಲ್ಲ ಕೇಳಿದನಂತೆ. "ಬೇರೆ ಏನಾದರೂ ಮಾತ್ರೆ ತಗೋತಿದ್ದೀರಾ ಸರ್?" ಅಂತ ಮಾತ್ರ ಕೇಳಲಿಲ್ಲ. "ಇದು ನ್ಯಾಚುರಲ್ ಸರ್, ಏನೂ ಆಗಲ್ಲ" ಅಂದನಂತೆ. ನನ್ನ ತಮ್ಮ ಆಗ ಡಾಕ್ಟರ್ ಬರೆದುಕೊಟ್ಟ, ಖಿನ್ನತೆ ಆತಂಕಕ್ಕೆ ಕೊಡುವ ಎಸ್‌ಸಿಟಾಲೊಪ್ರಾಮ್ ಮಾತ್ರೆಯಲ್ಲಿದ್ದ.

ಮುಂದಿನ ವಾರ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬಂದ. ಕಾಫಿ ಕೊಟ್ಟೆ. ಲೋಟ ಬಟ್ಟಲಿಗೆ ತಾಗಿ ಟಕಟಕ ಅಂತಿತ್ತು. ಅವನು ಎರಡೂ ಕೈಯಲ್ಲಿ ಹಿಡಿದರೂ ನಿಲ್ಲಲಿಲ್ಲ, ಕಾಫಿ ಬಟ್ಟಲಿಗೆ ಚೆಲ್ಲಿತು. ಚಳಿಗಾಲದ ಬೆಳಿಗ್ಗೆ, ಆದರೂ ಹಣೆಯಲ್ಲಿ ಬೆವರು. "ಅಕ್ಕಾ, ರಾತ್ರಿಯಿಂದ ಎದೆ ಡವಡವ ಅಂತಿದೆ. ನಾಲ್ಕು ಸಲ ಬಾತ್‌ರೂಮಿಗೆ ಹೋದೆ. ಕೂತಲ್ಲಿ ಕೂರೋಕೆ ಆಗ್ತಿಲ್ಲ" ಅಂದ. ಹೊಸದಾಗಿ ಏನು ಶುರು ಮಾಡಿದೆ ಅಂತ ಕೇಳಿದೆ. ಬ್ಯಾಗಿನಿಂದ ಡಬ್ಬ ತೆಗೆದ. ತಕ್ಷಣ ಅವನನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸಿರೊಟೋನಿನ್ (ನರಗಳ ನಡುವೆ ಸಂದೇಶ ಸಾಗಿಸುವ ರಾಸಾಯನಿಕ) ಜಾಸ್ತಿಯಾಗಿರುವ ಅನುಮಾನ ಅಂತ ಅವರು ಸಪ್ಲಿಮೆಂಟ್ ಎಲ್ಲ ನಿಲ್ಲಿಸಿದರು, ಮಂಡಿ ಪಾದ ತಟ್ಟಿ ನೋಡಿದರು, ಸಂಜೆಯವರೆಗೆ ಅಲ್ಲೇ ಇರಿಸಿಕೊಂಡರು. ಪುಣ್ಯಕ್ಕೆ ಬೇಗ ಇಳಿಯಿತು. ಜ್ವರ ಏರಿದ್ದರೆ, ಮೈ ಸೆಟೆದುಕೊಂಡಿದ್ದರೆ, ಮಾತು ತಪ್ಪಿದ್ದರೆ ಅದು ಜೀವಕ್ಕೇ ಅಪಾಯ. ಅಂಥ ಲಕ್ಷಣ ಕಂಡರೆ ನೇರ ಎಮರ್ಜೆನ್ಸಿಗೆ ಹೋಗಬೇಕು.

ಯಾಕೆ ಹೀಗಾಗುತ್ತದೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಾವು ತಿನ್ನುವ ಬೇಳೆ, ಮೊಸರು, ಮೊಟ್ಟೆಯಲ್ಲಿ ಟ್ರಿಪ್ಟೊಫ್ಯಾನ್ ಇದೆ. ದೇಹ ಅದನ್ನು ಮೊದಲು ಫೈವ್ ಎಚ್‌ಟಿಪಿ ಮಾಡುತ್ತದೆ, ಆಮೇಲೆ ಸಿರೊಟೋನಿನ್. ಇದರಲ್ಲಿ ಮೊದಲ ಹಂತ ನಿಧಾನ, ದೇಹದ ಹಿಡಿತ ಇರುವುದೇ ಅಲ್ಲಿ. ಫೈವ್ ಎಚ್‌ಟಿಪಿ ನುಂಗಿದರೆ ಆ ಹಂತವನ್ನೇ ದಾಟಿದ ಹಾಗೆ. ಅದೂ ಅಲ್ಲದೆ ದೇಹದ ಸಿರೊಟೋನಿನ್‌ನಲ್ಲಿ ಬಹುಪಾಲು ಇರುವುದು ಕರುಳಿನಲ್ಲಿ. ಬೇರೆ ಮಾತ್ರೆ ಇಲ್ಲದವರಿಗೂ ಫೈವ್ ಎಚ್‌ಟಿಪಿಯಿಂದ ವಾಕರಿಕೆ, ಭೇದಿ ಬರುವುದು ಇದಕ್ಕೇ. ಇನ್ನು ಎಸ್‌ಸಿಟಾಲೊಪ್ರಾಮ್, ಸರ್ಟ್ರಲಿನ್, ಫ್ಲುಆಕ್ಸೆಟಿನ್‌ನಂಥ ಮಾತ್ರೆಗಳು ಬಿಡುಗಡೆಯಾದ ಸಿರೊಟೋನಿನ್ ವಾಪಸ್ ಹೋಗದಂತೆ ತಡೆಯುತ್ತವೆ. ಒಂದು ಕಡೆ ಉತ್ಪಾದನೆ ಜಾಸ್ತಿ, ಇನ್ನೊಂದು ಕಡೆ ತೆರವು ಕಮ್ಮಿ. ನೋವಿಗೆ ಕೊಡುವ ಟ್ರಮಡಾಲ್, ಒಣಕೆಮ್ಮಿನ ಸಿರಪ್ಪಿನ ಡೆಕ್ಸ್ಟ್ರೊಮೆಥಾರ್ಫಾನ್, ಲಿನೆಜೊಲಿಡ್ ಅನ್ನುವ ಆಂಟಿಬಯೋಟಿಕ್ ಕೂಡ ಇದೇ ಲೆಕ್ಕಕ್ಕೆ ಬರುತ್ತವೆ. ಕೆಮ್ಮಿನ ಸಿರಪ್ ಕುಡಿಯುತ್ತಿದ್ದೇನೆ ಅಂತ ಸಪ್ಲಿಮೆಂಟ್ ಅಂಗಡಿಯಲ್ಲಿ ಯಾರಾದರೂ ತಾವಾಗಿ ಹೇಳುತ್ತಾರಾ? ಕೇಳಿದರೆ ಮಾತ್ರ ಗೊತ್ತಾಗುತ್ತದೆ.

ಡಬ್ಬದಲ್ಲಿ ಎಚ್ಚರಿಕೆ ಇಲ್ಲವೇ ಅಂದರೆ, ಇದೆ. ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ಓದಿದೆ. ಬೇರೆ ಔಷಧ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ ಅಂತ ಒಂದೇ ಸಾಲು, ಅದೂ ಇಂಗ್ಲಿಷಿನಲ್ಲಿ, ಮಡಿಸಿದ ಅಂಚಿನ ಹತ್ತಿರ. ಎಫ್‌ಎಸ್‌ಎಸ್‌ಎಐನ (ಅಂದರೆ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿಯ ಲೈಸೆನ್ಸ್ ನಂಬರ್ ಇತ್ತು, ಔಷಧವಾಗಿ ಬಳಸಲು ಅಲ್ಲ ಅನ್ನುವ ಸಾಲೂ ಇತ್ತು. ಔಷಧ ಅಲ್ಲ ಅಂತ ಡಬ್ಬವೇ ಹೇಳುತ್ತಿದೆ. ಅದನ್ನೇ ಬೇಜಾರಿಗೆ, ನಿದ್ದೆಗೆ ಅಂತ ಕೌಂಟರಿನಲ್ಲಿ ಮಾರುತ್ತಿದ್ದಾರೆ. ನನಗೆ ತುಂಬಾ ಸಿಟ್ಟು ಬಂದದ್ದು ಇಲ್ಲಿ.

ಇನ್ನು ಆ ಮೂರರ ಜೋಡಣೆಯೇ ಅರ್ಥವಿಲ್ಲದ್ದು. ಬಿಸಿಎಎ ಅಂದರೆ ಲ್ಯೂಸಿನ್, ಐಸೊಲ್ಯೂಸಿನ್, ವ್ಯಾಲಿನ್. ಇವೂ ಟೈರೋಸಿನ್, ಟ್ರಿಪ್ಟೊಫ್ಯಾನ್ ಕೂಡ ರಕ್ತದಿಂದ ಮಿದುಳಿಗೆ ಹೋಗುವುದು ಒಂದೇ ದಾರಿಯಲ್ಲಿ. ಸಂಜೆ ಮೆಜೆಸ್ಟಿಕ್‌ನಲ್ಲಿ ಬಸ್ಸಿನ ಬಾಗಿಲಿಗೆ ಎಲ್ಲರೂ ಒಟ್ಟಿಗೆ ನುಗ್ಗಿದರೆ ಹೇಗೋ ಹಾಗೆ, ಸಂಖ್ಯೆಯಲ್ಲಿ ಜಾಸ್ತಿ ಇರುವವರು ಹತ್ತುತ್ತಾರೆ, ಉಳಿದವರು ಕೆಳಗೇ. ಸ್ಕೂಪ್‌ಗಟ್ಟಲೆ ಬಿಸಿಎಎ ಕುಡಿದು ಅದರ ಜೊತೆಗೇ ಫೋಕಸ್ಸಿಗೆ ಟೈರೋಸಿನ್ ನುಂಗಿ ಅಂದರೆ, ಒಂದು ಡಬ್ಬದ ದುಡ್ಡು ಇನ್ನೊಂದು ಡಬ್ಬದ ಕೆಲಸಕ್ಕೆ ಅಡ್ಡ ಬಂದ ಹಾಗೆ.

ಶುದ್ಧತೆಯ ಬಗ್ಗೆಯೂ ಕೇಳಿದೆ. ಈ ಬ್ಯಾಚಿನ ಲ್ಯಾಬ್ ರಿಪೋರ್ಟ್ ಇದೆಯಾ ಅಂದರೆ, ಕಂಪನಿಯವರನ್ನು ಕೇಳಬೇಕು ಮೇಡಂ ಅಂದರು. ಇದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. 1989ರಲ್ಲಿ ಅಮೆರಿಕದಲ್ಲಿ ಟ್ರಿಪ್ಟೊಫ್ಯಾನ್ ಸಪ್ಲಿಮೆಂಟ್ ತಿಂದ 1,500ಕ್ಕೂ ಹೆಚ್ಚು ಜನರಿಗೆ ಸ್ನಾಯು ನೋವಿನ ಒಂದು ಭಯಂಕರ ಕಾಯಿಲೆ ಬಂತು. ರಕ್ತದಲ್ಲಿ ಇಯೊಸಿನೊಫಿಲ್ ಅನ್ನುವ ಬಿಳಿ ರಕ್ತಕಣ ವಿಪರೀತ ಏರಿತು. ಕನಿಷ್ಠ 37 ಜನ ಸತ್ತರು. ಮಾಲಿನ ಮೂಲ ಹುಡುಕುತ್ತಾ ಹೋದಾಗ ಹೆಚ್ಚಿನದು ಜಪಾನಿನ ಶೋವಾ ಡೆಂಕೊ ಎಂಬ ಒಂದೇ ಕಂಪನಿಗೆ ಹೋಗಿ ಮುಟ್ಟಿತು. ಬೆರಕೆಯ ಮೇಲೇ ಮುಖ್ಯ ಅನುಮಾನ ಬಿತ್ತು. ಬ್ಯಾಚ್ ರಿಪೋರ್ಟ್ ಕೇಳುವವರನ್ನು ಅನುಮಾನದ ಪ್ರಾಣಿ ಅಂತ ನೋಡಬಾರದು.

ಥಿಯನಿನ್ ಬಗ್ಗೆ ನನಗೆ ಅಷ್ಟು ಆತಂಕ ಇಲ್ಲ. ಅದು ಚಹಾ ಎಲೆಯಲ್ಲೇ ಇರುವಂಥದ್ದು. ಬಿಪಿ ಮಾತ್ರೆ, ನಿದ್ದೆ ಮಾತ್ರೆ ತಗೊಳ್ಳುವವರು ಒಂದು ಮಾತು ಕೇಳಿಕೊಂಡರೆ ಸಾಕು. ಟೈರೋಸಿನ್‌ನಿಂದ ಡೋಪಮಿನ್ ಅನ್ನುವ ಮಿದುಳಿನ ರಾಸಾಯನಿಕ ಅಷ್ಟೇ ಅಲ್ಲ, ಥೈರಾಯ್ಡ್ ಹಾರ್ಮೋನೂ ತಯಾರಾಗುತ್ತದೆ. ಥೈರಾಯ್ಡ್ ಜಾಸ್ತಿ ಇರುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಬೈಪೋಲಾರ್ (ಮನಸ್ಸು ವಿಪರೀತ ಏರಿ ಇಳಿಯುವ ಕಾಯಿಲೆ) ಇರುವವರು, ಗರ್ಭಿಣಿಯರು ಈ ಗೋಡೆಯ ಕಡೆಗೇ ಹೋಗಬೇಡಿ.

ನಿಜ ಹೇಳಬೇಕಂದರೆ ಸರಿಯಾಗಿ ಊಟ ಮಾಡುವವರಿಗೆ ಇದರ ಅಗತ್ಯ ಕಮ್ಮಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ದೊಡ್ಡವರಿಗೆ ಟ್ರಿಪ್ಟೊಫ್ಯಾನ್ ಬೇಕಾಗುವುದು ದಿನಕ್ಕೆ ಕೆಜಿ ತೂಕಕ್ಕೆ 4 ಮಿ.ಗ್ರಾಂ. 60 ಕೆಜಿಯವರಿಗೆ 240 ಮಿ.ಗ್ರಾಂ. ಮುದ್ದೆ, ಹುರುಳಿಕಾಳು ಸಾರು, ಮೊಸರು, ಒಂದು ಮೊಟ್ಟೆ ಇರುವ ದಿನದ ಊಟದಲ್ಲಿ ಅಷ್ಟು ಆರಾಮಾಗಿ ಸಿಗುತ್ತದೆ.

ಆಮೇಲೆ ನಾನೇ ಅಂಗಡಿಗೆ ಹೋಗಿ ಮಾಲೀಕರ ಹತ್ತಿರ ಮಾತಾಡಿದೆ. ಒಡೆಯದ ಟೈರೋಸಿನ್ ಡಬ್ಬ ವಾಪಸ್ ತಗೊಂಡು ದುಡ್ಡು ಕೊಟ್ಟರು. ಕೌಂಟರಿನಲ್ಲಿ 'ನೀವು ಈಗ ಯಾವ ಮಾತ್ರೆ ತಗೊಳ್ಳುತ್ತಿದ್ದೀರಿ? ದಯವಿಟ್ಟು ತಿಳಿಸಿ' ಅಂತ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿ ಅಂತ ಕೇಳಿಕೊಂಡೆ. ನೋಡ್ತೀನಿ ಮೇಡಂ ಅಂದರು. ಇದನ್ನು ಬರೆಯುವ ಹೊತ್ತಿಗೆ ಬೋರ್ಡ್ ಬಂದಿಲ್ಲ.

ವ್ಹೇ, ಜಿಮ್‌ನವರು ತಗೊಳ್ಳುವ ಕ್ರಿಯೇಟಿನ್‌ಗೆ ಐದರಲ್ಲಿ ನಾಲ್ಕು ಸ್ಟಾರ್. ಎಡಗಡೆಯ ಗೋಡೆಗೆ ಒಂದು. ಮನಸ್ಸು ಸರಿಯಿಲ್ಲ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್ ನಮ್ಮ ಊರಲ್ಲೇ ಇದೆ. ಈಗಾಗಲೇ ಮಾತ್ರೆಯಲ್ಲಿದ್ದರೆ ಅದನ್ನು ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ. ಸಪ್ಲಿಮೆಂಟ್ ಡಬ್ಬ, ಮಾತ್ರೆ ಸ್ಟ್ರಿಪ್ ಎರಡನ್ನೂ ಒಂದೇ ಕವರಿನಲ್ಲಿ ಹಾಕಿಕೊಂಡು ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗಿ, ಫಾರ್ಮಸಿಸ್ಟಿಗೆ ತೋರಿಸಿ. ಐದು ನಿಮಿಷದ ಕೆಲಸ, ನಾವು ಅದಕ್ಕೆ ಕಾಸು ತಗೊಳ್ಳುವುದಿಲ್ಲ.